ಜಾಕಿಗೂ ಚಪ್ಪಲಿ ಬೇಕು: ಕೆಸರು ದಾರಿಯಲ್ಲಿ ಗಾಡಿ ಎತ್ತುವ ಬಗೆ

ಆಗಸ್ಟ್ ತಿಂಗಳ ಮಳೆ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ದಾರಿ. ಜೀಪಿನ ಮುಂದಿನ ಎಡಗಡೆ ಟಯರು ಚೂಪು ಕಲ್ಲಿಗೆ ಸಿಕ್ಕಿ ಪಕ್ಕದಲ್ಲಿ ಸೀಳಿತ್ತು. ಗಾಡಿಯ ಜೊತೆ ಬಂದಿದ್ದ ಜಾಕಿ ತೆಗೆದು ಅಡಿಗೆ ಕೊಟ್ಟೆ. ರಾಡ್ ತಿರುಗಿಸುತ್ತಾ ಹೋದೆ. ಜಾಕಿ ಬಿಚ್ಚಿಕೊಳ್ಳುತ್ತಲೇ ಇತ್ತು, ಜೀಪು ಮಾತ್ರ ಇದ್ದಲ್ಲೇ ಇತ್ತು. ಬಗ್ಗಿ ನೋಡಿದರೆ ಜಾಕಿಯ ಪಾದ ಒಂದು ಗೇಣು ಮಣ್ಣಿನೊಳಗೆ!

ಅಷ್ಟರಲ್ಲಿ ತೋಟದ ಪಿಕಪ್ ಓಡಿಸುವ ಹಿರಿಯರೊಬ್ಬರು ಬಂದರು. ಸ್ವಲ್ಪ ಹೊತ್ತು ನಿಂತು ನೋಡಿದರು. "ಏನ್ ಸಾರ್, ಜಾಕಿಗೆ ಚಪ್ಪಲಿ ಹಾಕ್ದೆ ಕೆಸರಿಗೆ ಇಳ್ಸಿದೀರಲ್ಲ" ಅಂದರು. ತಮ್ಮ ಗಾಡಿಯಿಂದ ಒಂದು ದಪ್ಪ ಹಲಗೆ ತಂದು ಕೊಟ್ಟರು. ಅದರ ಮೇಲೆ ಜಾಕಿ ಇಟ್ಟ ಮೇಲೆ ಕೆಲಸ ಹತ್ತು ನಿಮಿಷದ್ದು.

ಈಗ ಆ ಥರದ ದಾರಿಗೆ ಇಳಿಯುವವರು ಜಾಸ್ತಿಯಾಗಿದ್ದಾರೆ. ಮಹೀಂದ್ರಾದ ಹೊಸ ಥಾರ್ 2020ರಲ್ಲಿ ಬಂತು, ಮಾರುತಿಯ ಜಿಮ್ನಿ 2023ರಲ್ಲಿ. ಹಿಂದೆ ತೋಟದವರ ಬಳಿ ಮಾತ್ರ ಇದ್ದ ಫೋರ್ ವೀಲ್ ಡ್ರೈವ್ ಗಾಡಿ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವಂಥದ್ದು) ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೂ ಇದೆ. ಶನಿವಾರ ಬೆಳಿಗ್ಗೆ ಹೊರಟು ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಹೋಮ್‌ಸ್ಟೇ ಸೇರುವವರಿಗೆ ಕೊನೆಯ ಎರಡು ಮೂರು ಕಿಲೋಮೀಟರ್ ಮಣ್ಣು ದಾರಿಯೇ. ಗಾಡಿ ಆ ದಾರಿಗೆ ತಯಾರಾಗಿ ಬಂದಿರುತ್ತದೆ. ಅದರ ಜೊತೆ ಕೊಡುವ ಜಾಕಿ ಮಾತ್ರ ಹೆಚ್ಚಾಗಿ ಡಾಂಬರು ರಸ್ತೆಯ ಪಂಕ್ಚರ್ ಮನಸ್ಸಿನಲ್ಲಿಟ್ಟು ಮಾಡಿದ್ದು.

ಜಾಕಿಗೆ ಎರಡು ತುದಿ. ಒಂದು ನೆಲಕ್ಕೆ ಊರುತ್ತದೆ, ಇನ್ನೊಂದು ಗಾಡಿಗೆ ಒರಗುತ್ತದೆ. ಅಂಗಡಿಯಲ್ಲಿ ನಾವು "ಎಷ್ಟು ಟನ್?" ಎಂದು ಮಾತ್ರ ಕೇಳುತ್ತೇವೆ. ಕೆಸರಿನಲ್ಲಿ ಕೈಕೊಡುವುದು ಬಹುಪಾಲು ಈ ಎರಡು ತುದಿಗಳಲ್ಲಿ.

ಅಷ್ಟು ಭಾರ ಒಬ್ಬ ಮನುಷ್ಯ ಎತ್ತುವುದು ಹೇಗೆ?

ಜಾಕಿಗಳಲ್ಲಿ ಮುಖ್ಯವಾಗಿ ಎರಡು ಉಪಾಯಗಳಿವೆ. ಒಂದು ಸ್ಕ್ರೂ, ಇನ್ನೊಂದು ಎಣ್ಣೆ.

ಸ್ಕ್ರೂ ಅರ್ಥವಾಗಬೇಕಾದರೆ ಆಗುಂಬೆ ಘಾಟಿ ನೆನಪಿಸಿಕೊಳ್ಳಿ. ಸೋಮೇಶ್ವರದಿಂದ ಆಗುಂಬೆಗೆ ನೇರ ರಸ್ತೆ ಹಾಕಿದ್ದರೆ ಯಾವ ಬಸ್ಸೂ ಹತ್ತುತ್ತಿರಲಿಲ್ಲ. ಅದಕ್ಕೇ ರಸ್ತೆಯನ್ನು ತಿರುವು ತಿರುವಾಗಿ ಸುತ್ತಿಸಿದ್ದಾರೆ. ದೂರ ಜಾಸ್ತಿ, ಏರು ಕಡಿಮೆ. ಸ್ಕ್ರೂ ಎಂದರೆ ಒಂದು ಕಬ್ಬಿಣದ ಸರಳಿಗೆ ಸುತ್ತಿದ ಘಾಟಿ ರಸ್ತೆ. ರಾಡನ್ನು ನೂರು ಸಲ ತಿರುಗಿಸುತ್ತೀರಿ, ಗಾಡಿ ಗೇಣಷ್ಟು ಏಳುತ್ತದೆ. ಕೈ ಬಿಟ್ಟರೂ ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ, ಏಕೆಂದರೆ ಅದರ ಹಲ್ಲುಗಳ ತಿಕ್ಕಾಟವೇ ಅದನ್ನು ಹಿಡಿದಿಡುತ್ತದೆ. ಇದು ಸ್ಕ್ರೂ ಜಾಕಿಯ ದೊಡ್ಡ ಗುಣ. ತಗ್ಗಿನಲ್ಲಿರುವ ಹಳೇ ಮನೆಗಳನ್ನು ಇಡಿಯಾಗಿ ಮೇಲೆತ್ತುವವರೂ ಸಾಲಾಗಿ ಸ್ಕ್ರೂ ಜಾಕಿಗಳನ್ನೇ ಕೊಡುತ್ತಾರೆ.

ಎಣ್ಣೆ ಜಾಕಿಯ ಹಿಂದಿರುವುದು ಪಾಸ್ಕಲ್ ನಿಯಮ, ಹೈಸ್ಕೂಲಿನಲ್ಲಿ ಓದಿರುತ್ತೀರಿ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. ಜಾಕಿಯಲ್ಲಿ ಬೆರಳಗಲದ ಚಿಕ್ಕ ಪಿಸ್ಟನ್ನನ್ನು ನೀವು ಒತ್ತುತ್ತೀರಿ. ಅದರ ಇಪ್ಪತ್ತು ಪಟ್ಟು ವಿಸ್ತೀರ್ಣದ ದೊಡ್ಡ ಪಿಸ್ಟನ್ ಆ ಕಡೆ ಇದ್ದರೆ, ನಿಮ್ಮ 25 ಕಿಲೋ ಒತ್ತು ಅಲ್ಲಿ 500 ಕಿಲೋ ಆಗುತ್ತದೆ. ಪುಕ್ಕಟೆಯಾಗಿ ಅಲ್ಲ. ಇಲ್ಲಿ 20 ಸೆಂ.ಮೀ. ಒತ್ತಿದರೆ ಅಲ್ಲಿ 1 ಸೆಂ.ಮೀ. ಏಳುತ್ತದೆ. ಜೆಸಿಬಿ ತೋಳು, ಟಿಪ್ಪರಿನ ತೊಟ್ಟಿ, ಟ್ರ್ಯಾಕ್ಟರಿನ ನೇಗಿಲು ಎಲ್ಲ ಏಳುವುದೂ ಹೀಗೇ. ಆದರೆ ಇಡೀ ಭಾರ ನಿಂತಿರುವುದು ಒಂದು ರಬ್ಬರ್ ಸೀಲಿನ ನಂಬಿಕೆಯ ಮೇಲೆ. ಸೀಲು ಹಳೆಯದಾದರೆ ಎಣ್ಣೆ ಜಿನುಗುತ್ತದೆ. ಗಾಡಿ ಸದ್ದಿಲ್ಲದೆ ಇಳಿಯುತ್ತಾ ಬರುತ್ತದೆ.

ಯಾವ ಯಾವ ಜಾಕಿ ಸಿಗುತ್ತವೆ?

ಕಾರಿನ ಜೊತೆ ಸಾಮಾನ್ಯವಾಗಿ ಬರುವುದು ಕತ್ತರಿ ಜಾಕಿ, ಅಂದರೆ ಸಿಸರ್ ಜಾಕಿ. ಗಾಳಿಪಟದ ಆಕಾರದ ನಾಲ್ಕು ತೋಳು, ನಡುವೆ ಒಂದು ಸ್ಕ್ರೂ. ಹಗುರ, ಮಡಚಿದರೆ ಸೀಟಿನಡಿ ಕೂರುತ್ತದೆ. ಪಾದ ಮಾತ್ರ ನಮ್ಮ ಅಂಗೈಗಿಂತ ಚಿಕ್ಕದು, ಪಕ್ಕಕ್ಕೆ ನೂಕು ಬಿದ್ದರೆ ವಾಲುತ್ತದೆ. ಪೂರ್ತಿ ತಗ್ಗಿನಲ್ಲಿದ್ದಾಗ ತಿರುಗಿಸಲು ಬಲು ಬಿಗಿ, ಮೇಲೇರಿದ ಹಾಗೆ ಹಗುರ. ಶುರುವಿನಲ್ಲಿ ಕಷ್ಟವಾಯಿತು ಎಂದು ಅದರ ರಾಡಿಗೆ ಉದ್ದ ಪೈಪು ಸಿಕ್ಕಿಸಿ ತಿರುಗಿಸಬೇಡಿ, ಹಲ್ಲು ಸವೆಯುತ್ತದೆ.

ಬಾಟಲ್ ಜಾಕಿ ಎಣ್ಣೆಯದು. ಲಾರಿ, ಪಿಕಪ್, ಜೀಪಿನವರ ನೆಚ್ಚಿನ ಜಾಕಿ. ಬಾಟಲಿಯ ಆಕಾರ, ಗಟ್ಟಿಮುಟ್ಟು, ಎರಡು ಮೂರು ಟನ್ನಿನದು ಒಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಇದನ್ನು ನೆಟ್ಟಗೆ ನಿಲ್ಲಿಸಿಯೇ ಬಳಸಬೇಕು. ಅಡ್ಡ ಮಲಗಿಸಿದರೆ ಪಂಪು ಎಣ್ಣೆಯ ಬದಲು ಗಾಳಿ ಎಳೆದುಕೊಂಡು ಎತ್ತುವುದೇ ಇಲ್ಲ. ತಲೆಯಲ್ಲಿ ತಿರುಗಿಸಿ ಎತ್ತರಿಸುವ ಒಂದು ಸ್ಕ್ರೂ ಇರುವುದನ್ನೇ ಆರಿಸಿ. ಭಾರ ಬೀಳುವ ಮೊದಲೇ ಅದರಿಂದ ಎರಡು ಮೂರು ಇಂಚು ಗಳಿಸಿಕೊಳ್ಳಬಹುದು.

ಟಯರ್ ಅಂಗಡಿಯಲ್ಲಿ ಉರುಳಿಸಿಕೊಂಡು ಬರುವ ಟ್ರಾಲಿ ಜಾಕಿ ಸಿಮೆಂಟ್ ನೆಲಕ್ಕೆ ಬಹಳ ಒಳ್ಳೆಯದು. ಎತ್ತುವಾಗ ಅದರ ಗಾಲಿಗಳು ಒಂಚೂರು ಉರುಳಬೇಕು, ಮಣ್ಣಿನಲ್ಲಿ ಉರುಳುವುದಿಲ್ಲ. ಅದನ್ನು ಮನೆಯಲ್ಲೇ ಬಿಡಿ.

ಹೈ-ಲಿಫ್ಟ್ ಎಂಬ ಎತ್ತರದ ಜಾಕಿಯನ್ನು ಆಫ್‌ರೋಡ್ ವಿಡಿಯೋಗಳಲ್ಲಿ ನೋಡಿರುತ್ತೀರಿ. ಬಾನೆಟ್ಟಿನ ಮೇಲೋ ಹಿಂದಿನ ಸ್ಟೆಪ್ನಿ ಪಕ್ಕವೋ ಕೆಂಪಗೆ, ಕಪ್ಪಗೆ ಕಟ್ಟಿರುತ್ತಾರೆ. ಅದರ ಕಥೆ ಬೇರೆಯೇ ಇದೆ, ಮುಂದೆ ಹೇಳುತ್ತೇನೆ.

ಕೊನೆಯದು ಗಾಳಿ ಚೀಲದ ಜಾಕಿ. ದಪ್ಪ ಚೀಲವನ್ನು ಗಾಡಿಯಡಿ ತೂರಿಸಿ, ಅದರ ಕೊಳವೆಯನ್ನು ಸೈಲೆನ್ಸರ್ ಬಾಯಿಗೆ ಹಿಡಿದರೆ ಹೊಗೆಯೇ ಚೀಲವನ್ನು ಉಬ್ಬಿಸುತ್ತದೆ. ಅಗಲ ಪಾದವಾದ್ದರಿಂದ ಮರಳಿಗೂ ಕೆಸರಿಗೂ ಇದರಷ್ಟು ಹೊಂದುವ ಜಾಕಿ ಇನ್ನೊಂದಿಲ್ಲ. ಆದರೆ ಒಂದು ಮುಳ್ಳಿನ ಬೊಡ್ಡೆಯೋ ಬಿಸಿ ಸೈಲೆನ್ಸರೋ ತಾಗಿದರೆ ಕಥೆ ಮುಗಿಯಿತು. ಮೇಲೆದ್ದ ಗಾಡಿ ಅದರ ಮೇಲೆ ತೇಲಾಡುವುದರಿಂದ ಚಕ್ರ ಬಿಚ್ಚುವುದಕ್ಕಿಂತ ಚಕ್ರದಡಿ ಕಲ್ಲು ತುಂಬುವುದಕ್ಕೇ ಇದು ಸರಿ.

ನನ್ನನ್ನು ಕೇಳಿದರೆ, ತೋಟದ ದಾರಿಗೆ ಹೋಗಿ ಬರುವವರಿಗೆ ಎರಡು ಅಥವಾ ಮೂರು ಟನ್ನಿನ ಒಂದು ಬಾಟಲ್ ಜಾಕಿ, ಒಂದು ಹಲಗೆ, ಎರಡು ಬೆಣೆ, ಒಂದು ಗುದ್ದಲಿ ಸಾಕು.

ಟನ್ ನೋಡಿ, ಆದರೆ ಅಳತೆಪಟ್ಟಿ ಮರೆಯಬೇಡಿ

ಖಾಲಿ ಜಿಮ್ನಿ ಸುಮಾರು 1,200 ಕಿಲೋ. ಥಾರ್ 1,700 ಕಿಲೋ ಆಸುಪಾಸು. ಒಂದು ಚಕ್ರ ಎತ್ತುವಾಗ ಇಡೀ ಭಾರ ಜಾಕಿಯ ಮೇಲೆ ಬೀಳುವುದಿಲ್ಲ, ಸುಮಾರು ಕಾಲು ಭಾಗ ಬೀಳುತ್ತದೆ. ಎಂಜಿನ್ ಇರುವ ಮುಂದುಗಡೆ ಅದಕ್ಕಿಂತ ಜಾಸ್ತಿ. ಒಂದು ಪಕ್ಕದ ಎರಡೂ ಚಕ್ರ ಎದ್ದರೆ ಅರ್ಧ. ಹಿಂದೆ ಸಾಮಾನು ತುಂಬಿದ್ದರೆ ಅದೂ ಸೇರುತ್ತದೆ. ಕೆಸರಿನಲ್ಲಿ ಹೂತ ಚಕ್ರವನ್ನು ಎತ್ತುವಾಗ ಮಣ್ಣು ಹೀರಿ ಹಿಡಿದುಕೊಳ್ಳುವ ಬಲವೂ ಇದೆ. ಗದ್ದೆಯಲ್ಲಿ ಕಾಲು ಕೀಳುವಾಗ ಗೊತ್ತಾಗುತ್ತದಲ್ಲ, ಅದೇ. ಆದ್ದರಿಂದ ಗಾಡಿಯ ಒಟ್ಟು ತೂಕಕ್ಕಿಂತ ಕಡಿಮೆಯಿಲ್ಲದ ಜಾಕಿ ಕೊಂಡರೆ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ.

ಎತ್ತರದ ಲೆಕ್ಕದಲ್ಲಿ ಜನ ಜಾಸ್ತಿ ಎಡವುತ್ತಾರೆ. ಪ್ರತಿ ಜಾಕಿಗೂ ಎರಡು ಎತ್ತರ ಬರೆದಿರುತ್ತದೆ: ಪೂರ್ತಿ ಇಳಿದಾಗ ಎಷ್ಟು, ಪೂರ್ತಿ ಏರಿದಾಗ ಎಷ್ಟು. ಬಾಟಲ್ ಜಾಕಿ ಇಳಿದಾಗಲೂ 18–20 ಸೆಂ.ಮೀ. ಇರುತ್ತದೆ. ಟಯರಿನಲ್ಲಿ ಗಾಳಿ ಇರುವಾಗ ಆಕ್ಸಲಿನಡಿ, ಅಂದರೆ ಎರಡು ಚಕ್ರಗಳ ನಡುವಿನ ಅಡ್ಡ ದಂಡಿನಡಿ, ಅದು ಆರಾಮಾಗಿ ತೂರಬಹುದು. ಟಯರು ಚಪ್ಪಟೆಯಾದ ಮೇಲೆ? ಗಾಡಿ ಏಳೆಂಟು ಸೆಂ.ಮೀ. ಕುಸಿದಿರುತ್ತದೆ, ಚಕ್ರ ಕೆಸರಿನಲ್ಲಿ ಇನ್ನಷ್ಟು ಇಳಿದಿರುತ್ತದೆ. ಆಗ ಜಾಕಿ ತೂರುವುದೇ ಇಲ್ಲ. ಥಾರಿನ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ಅತಿ ತಗ್ಗಿನ ಭಾಗಕ್ಕಿರುವ ಎತ್ತರ) 226 ಮಿ.ಮೀ., ಜಿಮ್ನಿಯದು 210. ಹತ್ತಿರ ಹತ್ತಿರ ಒಂದು ಗೇಣು, ಅಷ್ಟೇ. ಮನೆಯಲ್ಲೇ ಒಂದು ಟಯರಿನ ಗಾಳಿ ಇಳಿಸಿ ಅಳೆದು ನೋಡಿದವರು ಕಾಡಿನ ದಾರಿಯಲ್ಲಿ ಮಣ್ಣು ತೋಡುತ್ತಾ ಕೂರುವುದಿಲ್ಲ.

ಇನ್ನು ಮೇಲಿನ ಎತ್ತರ. ಜಾಕಿಯನ್ನು ಚಾಸಿಗೆ, ಅಂದರೆ ಗಾಡಿಯ ಮೈ ಹೊರುವ ಉಕ್ಕಿನ ಚೌಕಟ್ಟಿಗೆ, ಕೊಟ್ಟು ಎತ್ತುತ್ತೀರಿ ಎಂದುಕೊಳ್ಳಿ. ಗಾಡಿಯ ಮೈ ಏಳುತ್ತದೆ, ಚಕ್ರ ನೆಲದಲ್ಲೇ ಇರುತ್ತದೆ! ಏಕೆಂದರೆ ನಡುವೆ ಸ್ಪ್ರಿಂಗ್ ಇದೆ. ಗಾಡಿಯ ಭಾರಕ್ಕೆ ಅದುಮಿಕೊಂಡಿದ್ದ ಸ್ಪ್ರಿಂಗ್ ಮೊದಲು ಪೂರ್ತಿ ಬಿಚ್ಚಿಕೊಳ್ಳಬೇಕು, ಆಮೇಲೆ ಚಕ್ರ ಏಳಬೇಕು. ಒರಟು ದಾರಿಗೆಂದೇ ಮಾಡಿದ ಗಾಡಿಗಳಲ್ಲಿ ಈ ಇಳಿತ ಇನ್ನೂ ಜಾಸ್ತಿ, ಅದೇ ಅವುಗಳ ಗುಣ. ಹಾಗಾಗಿ ಎತ್ತಿದ ಮೊದಲ ಅರ್ಧ ಅಡಿ ಸುಮ್ನೆ ಹೋಗುತ್ತದೆ. ಗಾಡಿ ಮಾತ್ರ ಅಷ್ಟಷ್ಟೇ ಅಸ್ಥಿರವಾಗುತ್ತಾ ಹೋಗುತ್ತದೆ. ಅದೇ ಆಕ್ಸಲಿಗೆ ನೇರವಾಗಿ ಕೊಟ್ಟರೆ ಚಕ್ರ ಮೊದಲ ಇಂಚಿನಿಂದಲೇ ಏಳುತ್ತದೆ.

ಎಷ್ಟು ಎತ್ತಿದರೂ ಸ್ಟೆಪ್ನಿ ತೂರುತ್ತಿಲ್ಲವಾದರೆ ಜಾಕಿಯನ್ನು ಇನ್ನೂ ಏರಿಸಲು ಹೋಗಬೇಡಿ. ಚಕ್ರ ಕೂರುವ ಜಾಗದ ಮಣ್ಣನ್ನು ಗುದ್ದಲಿಯಿಂದ ನಾಲ್ಕು ಬೆರಳಷ್ಟು ಕೆರೆದು ತೆಗೆಯಿರಿ. ಕೈಯನ್ನು ಮಾತ್ರ ಗಾಡಿಯ ಅಡಿಗೆ ಒಯ್ಯಬೇಡಿ. ಹೀಗೆ ನೆಲವನ್ನೇ ತೋಡಬಹುದು ಎಂಬುದು ಮಣ್ಣು ದಾರಿಯಲ್ಲಿ ಇರುವ ಒಂದೇ ಒಂದು ಅನುಕೂಲ.

ಕೆಳಗಿನ ತುದಿ: ನೆಲ

ಒಂದು ಲೆಕ್ಕ ಹಾಕೋಣ. 70 ಕಿಲೋ ತೂಕದ ಮನುಷ್ಯ ಎರಡೂ ಪಾದ ಊರಿ ನಿಂತರೆ ನೆಲದ ಪ್ರತಿ ಚದರ ಸೆಂ.ಮೀ. ಮೇಲೆ ಕಾಲು ಕಿಲೋಗಿಂತ ಕಡಿಮೆ ಭಾರ. ಬಾಟಲ್ ಜಾಕಿಯ ಪಾದ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಇದೆ, ಅದರ ಮೇಲೆ 500 ಕಿಲೋ ಕೂತಿದೆ ಎಂದುಕೊಳ್ಳಿ. ಪ್ರತಿ ಚದರ ಸೆಂ.ಮೀ.ಗೆ 5 ಕಿಲೋ. ನೀವು ನಡೆದರೇ ಚಪ್ಪಲಿ ಹೂತುಕೊಳ್ಳುವ ನೆಲದ ಮೇಲೆ ನಿಮಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಒತ್ತಡ ಹಾಕಿದರೆ ಜಾಕಿ ಇಳಿಯದೆ ಇನ್ನೇನು ಮಾಡೀತು?

ಈಗ ಅದರಡಿ 40 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಹಲಗೆ ಇಡಿ. ಅದೇ 500 ಕಿಲೋ 1,600 ಚದರ ಸೆಂ.ಮೀ.ಗೆ ಹಂಚಿಹೋಗುತ್ತದೆ. ಒಂದಕ್ಕೆ 300 ಗ್ರಾಂ ಚಿಲ್ಲರೆ. ಮನುಷ್ಯನ ಪಾದದ ಮಟ್ಟಕ್ಕೆ ಬಂತು. ಆ ಹಿರಿಯರು ಹೇಳಿದ ಚಪ್ಪಲಿ ಇದೇ. ಗದ್ದೆಗೆ ಇಳಿಸುವ ಟಿಲ್ಲರಿಗೆ ರಬ್ಬರ್ ಟಯರು ಬಿಚ್ಚಿ ಅಗಲದ ಕಬ್ಬಿಣದ ಚಕ್ರ ಹಾಕುವುದೂ ಇದೇ ಲೆಕ್ಕದಲ್ಲಿ.

ಹಲಗೆ ತೆಳ್ಳಗಿದ್ದರೆ ಪ್ರಯೋಜನವಿಲ್ಲ. ನಡುವೆ ಭಾರ ಬಿದ್ದು ಬಾಗುತ್ತದೆ, ಅಂಚುಗಳು ಮೇಲೇಳುತ್ತವೆ, ಮತ್ತೆ ನಡುವಿನ ಚೂರೇ ಎಲ್ಲ ಭಾರ ಹೊರುತ್ತದೆ. ಎರಡು ಇಂಚಾದರೂ ದಪ್ಪ ಬೇಕು. ಎರಡು ಹಲಗೆಗಳನ್ನು ನಾರು ಅಡ್ಡ ಬರುವ ಹಾಗೆ ಒಂದರ ಮೇಲೊಂದು ಜೋಡಿಸಿ ಮೊಳೆ ಹೊಡೆದರೆ ಸೀಳುವುದಿಲ್ಲ. ದಪ್ಪ ಪ್ಲೈವುಡ್ಡಿನ ಎರಡು ಮೂರು ಪದರ ಅಂಟಿಸಿದರೂ ಆದೀತು. ಮೇಲೆ ಜಾಕಿಯ ಪಾದ ಕೂರುವಲ್ಲಿ ಸುತ್ತ ಒಂದು ಪಟ್ಟಿ ಹೊಡೆಸಿದರೆ ಮಳೆಯಲ್ಲಿ ಜಾರುವುದಿಲ್ಲ.

ಇಟ್ಟಿಗೆ, ಹಾಲೋ ಬ್ಲಾಕ್, ಜಂಬಿಟ್ಟಿಗೆ ಇಡಬೇಡಿ. ಇವು ಗೋಡೆಯಲ್ಲಿ ಹರಡಿದ ಭಾರ ಹೊರುತ್ತವೆ. ಒಂದೇ ಕಡೆ ಚೂಪಾಗಿ ಭಾರ ಬಿದ್ದರೆ ಮುನ್ಸೂಚನೆ ಕೊಡದೆ ಒಡೆಯುತ್ತವೆ. ಮರ ಹಾಗಲ್ಲ, ಮುರಿಯುವ ಮೊದಲು ಕಿರುಗುಟ್ಟಿ ಹೇಳುತ್ತದೆ. ನುಣುಪು ಹೊಳೆಗಲ್ಲೂ ಬೇಡ, ಜಾಕಿ ಜಾರುತ್ತದೆ.

ನಮ್ಮ ರಾಜ್ಯದಲ್ಲೇ ನೆಲ ಮೂರು ಥರ ಆಟವಾಡಿಸುತ್ತದೆ. ಮಲೆನಾಡಿನ ಕೆಂಪು ಜೇಡಿಯ ಮೇಲ್ಪದರ ಬೆಣ್ಣೆ, ಅಡಿಯಲ್ಲಿ ಗಟ್ಟಿ. ಅಲ್ಲಿ ಮೇಲಿನ ಲೋಳೆಯನ್ನು ಕೆರೆದು ತೆಗೆದು ಹಲಗೆ ಇಟ್ಟರೆ ನಿಲ್ಲುತ್ತದೆ. ಗದಗ, ವಿಜಯಪುರದ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬಿದರೆ ಕೆರೆದಷ್ಟೂ ಅದೇ. ಜಾಕಿಗೆ, ಹಲಗೆಗೆ, ಚಪ್ಪಲಿಗೆ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಅಲ್ಲಿ ಹಲಗೆಯ ಅಗಲವೇ ಗತಿ. ಕರಾವಳಿಯ ಮರಳು ಇನ್ನೊಂದು ಬಗೆ. ಅದು ಅಡಿಯಿಂದ ಪಕ್ಕಕ್ಕೆ ಹರಿದುಹೋಗುತ್ತದೆ, ಹಲಗೆ ಒಂದೇ ಕಡೆಗೆ ವಾಲುತ್ತದೆ. ಅಲ್ಲಿ ಮೊದಲು ಮರಳನ್ನು ಸಮ ಮಾಡಿ, ಕಾಲಲ್ಲಿ ತುಳಿದು ಗಟ್ಟಿ ಮಾಡಿ ಆಮೇಲೆ ಹಲಗೆ ಇಡಬೇಕು.

ಎಲ್ಲ ಕಡೆಗೂ ಸಲ್ಲುವ ಒಂದು ಪರೀಕ್ಷೆ ಇದೆ. ಭಾರ ಬೀಳುವಷ್ಟು ಎತ್ತಿ, ಕೈ ತೆಗೆದು, ಒಂದು ನಿಮಿಷ ನೋಡುತ್ತಾ ನಿಲ್ಲಿ. ಜಾಕಿ ವಾಲುತ್ತಿದ್ದರೆ ಇಳಿಸಿ, ಮತ್ತೆ ಮೊದಲಿನಿಂದ.

ಮೇಲಿನ ತುದಿ: ಗಾಡಿಯ ಯಾವ ಜಾಗಕ್ಕೆ?

ಥಾರ್, ಜಿಮ್ನಿ, ಬೊಲೆರೊ, ಸ್ಕಾರ್ಪಿಯೊ, ಗೂರ್ಖಾ ಇವೆಲ್ಲ ಏಣಿ ಚಾಸಿಯ ಗಾಡಿಗಳು. ಎರಡು ಉದ್ದ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ, ಅದರ ಮೇಲೆ ಮೈ ಕೂತಿರುತ್ತದೆ. ಆ ತೊಲೆಗೆ ಜಾಕಿ ಕೊಡಬಹುದು. ಕ್ರೆಟಾದಂಥ ಕಾರುಗಳಲ್ಲಿ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಅಲ್ಲಿ ಬಾಗಿಲ ಕೆಳಗಿನ ಅಂಚಿನಲ್ಲಿ ಕಂಪನಿಯವರು ಗುರುತು ಮಾಡಿದ ಗಟ್ಟಿ ಜಾಗಕ್ಕೆ ಮಾತ್ರ ಕೊಡಬೇಕು. ಒಂದು ಗೇಣು ಆಚೀಚೆ ಆದರೆ ತಗಡು ಒಳಕ್ಕೆ ಮಡಚಿಕೊಳ್ಳುತ್ತದೆ.

ಗಟ್ಟಿ ಆಕ್ಸಲ್ ಇರುವಲ್ಲಿ ಆಕ್ಸಲಿನ ಕೊಳವೆಗೆ, ಚಕ್ರಕ್ಕೆ ಆದಷ್ಟು ಹತ್ತಿರ ಕೊಡುವುದು ಒಳ್ಳೆಯದು. ಜಿಮ್ನಿಗೆ ಮುಂದೂ ಹಿಂದೂ ಇಂಥ ಆಕ್ಸಲ್ ಇದೆ. ಈಗಿನ ಥಾರಿಗೆ ಹಿಂದೆ ಮಾತ್ರ. ಮುಂದಿನ ಎರಡು ಚಕ್ರಗಳು ಬೇರೆ ಬೇರೆ ತೋಳುಗಳಿಗೆ ಜೋಡಿಸಿವೆ, ಅಲ್ಲಿ ಗಾಡಿಯ ಪುಸ್ತಕದಲ್ಲಿ ತೋರಿಸಿದ ಜಾಗವೇ ಸರಿ. ಆಕ್ಸಲ್ ನಡುವೆ ಉಂಡೆಯಂತಿರುವ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಬಲ ಹಂಚುವ ಗೇರುಗಳ ಗೂಡು) ಕೈಗೆ ಸುಲಭವಾಗಿ ಸಿಗುತ್ತದೆ, ಗಟ್ಟಿಯಾಗಿಯೂ ಕಾಣುತ್ತದೆ. ಆದರೆ ಗುಂಡಗಿನ ವಸ್ತು ಚಪ್ಪಟೆ ಜಾಕಿಯ ಮೇಲೆ ನಿಲ್ಲುವುದಿಲ್ಲ, ಅದರ ಮೇಲೆ ಕೆಸರಿದ್ದರಂತೂ ಕೇಳುವುದೇ ಬೇಡ. ಎಂಜಿನ್ ಸಂಪು, ಗೇರ್‌ಬಾಕ್ಸ್, ಪ್ಲಾಸ್ಟಿಕ್ ಬಂಪರು, ಹತ್ತುವ ಫುಟ್‌ಬೋರ್ಡು ಇವ್ಯಾವುದೂ ಜಾಕಿಗಲ್ಲ. ಎಲ್ಲಿ ಕೊಟ್ಟರೂ ಮೊದಲು ಆ ಜಾಗದ ಮಣ್ಣನ್ನು ಬಟ್ಟೆಯಿಂದ ಒರೆಸಿ.

ಗೇರಿನಲ್ಲಿಟ್ಟರೂ ಗಾಡಿ ಉರುಳುವುದು ಏಕೆ?

ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ, ಸ್ವಲ್ಪ ನಿಧಾನವಾಗಿ ನೋಡೋಣ.

ಬಾವಿಯ ರಾಟೆಯ ಮೇಲೆ ಒಂದು ಹಗ್ಗ, ಎರಡೂ ತುದಿಗೆ ಒಂದೊಂದು ಕೊಡ. ರಾಟೆ ಕಟ್ಟಿರುವ ಕಂಬ ಅಲ್ಲಾಡುವುದಿಲ್ಲ. ಆದರೂ ಒಂದು ಕೊಡ ಇಳಿದರೆ ಇನ್ನೊಂದು ಏರುತ್ತದೆ. ಡಿಫರೆನ್ಷಿಯಲ್ ಹೀಗೇ. ಗೇರಿನಲ್ಲಿಟ್ಟಾಗ ನೀವು ಹಿಡಿದದ್ದು ಕಂಬವನ್ನು ಮಾತ್ರ. ಎರಡೂ ಚಕ್ರ ನೆಲದಲ್ಲಿದ್ದರೆ ಗಾಡಿ ನಿಲ್ಲುತ್ತದೆ. ಒಂದು ಚಕ್ರ ಗಾಳಿಗೆ ಎದ್ದ ಕೂಡಲೇ ಅದು ಒಂದು ದಿಕ್ಕಿಗೆ ಸುಮ್ನೆ ತಿರುಗುತ್ತದೆ, ನೆಲದಲ್ಲಿರುವ ಚಕ್ರ ಇನ್ನೊಂದು ದಿಕ್ಕಿಗೆ ಉರುಳುತ್ತದೆ. ಗೇರು ಬಿದ್ದೇ ಇರುತ್ತದೆ, ಗಾಡಿ ಜಾಕಿಯಿಂದ ಜಾರಿರುತ್ತದೆ. ಆಟೋಮ್ಯಾಟಿಕ್ ಗಾಡಿಯ 'ಪಿ' (ಪಾರ್ಕ್) ಕೂಡ ಇಷ್ಟೇ ಹಿಡಿಯುತ್ತದೆ.

ಹ್ಯಾಂಡ್‌ಬ್ರೇಕ್ ಹಾಕಿದ್ದೇವಲ್ಲ ಎನ್ನಬಹುದು. ಅದು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಹಿಂದಿನ ಒಂದು ಚಕ್ರ ಎತ್ತಿದರೆ ಇಡೀ ಗಾಡಿಯನ್ನು ಹಿಡಿಯುವುದು ಕೆಸರಿನ ಮೇಲಿರುವ ಒಂದೇ ಚಕ್ರ.

ಇಲ್ಲಿ ಫೋರ್ ವೀಲ್ ಡ್ರೈವ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಗೇರಿನ ಪಕ್ಕದ ಚಿಕ್ಕ ಲಿವರಿನಲ್ಲಿ 4 ಎಲ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು) ಹಾಕಿ, ಎಂಜಿನ್ ಆರಿಸಿ, ಗೇರಿನಲ್ಲಿ ಬಿಟ್ಟರೆ ಮುಂದಿನ ಆಕ್ಸಲೂ ಹಿಂದಿನ ಆಕ್ಸಲೂ ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ. ಒಂದು ಆಕ್ಸಲಿನ ಚಕ್ರ ಎದ್ದರೂ ಇನ್ನೊಂದು ಆಕ್ಸಲಿನ ಎರಡು ಚಕ್ರಗಳು ಎಂಜಿನ್ನಿನ ಹಿಡಿತದಲ್ಲಿ ಇರುತ್ತವೆ. ಒಂದು ಎಚ್ಚರ: ಆ ಚಿಕ್ಕ ಲಿವರ್ ನಡುವಿನ 'ಎನ್'ನಲ್ಲಿ (ನ್ಯೂಟ್ರಲ್) ನಿಂತುಬಿಟ್ಟಿದ್ದರೆ ಗೇರು, 'ಪಿ' ಎರಡೂ ಇದ್ದೂ ಇಲ್ಲದ ಹಾಗೆ. ಡ್ಯಾಶ್‌ಬೋರ್ಡಿನ ದೀಪ ನೋಡಿಯೇ ಇಳಿಯಿರಿ.

ಇದೆಲ್ಲ ಮಾಡಿಯೂ ಚಕ್ರಕ್ಕೆ ಬೆಣೆ ಕೊಡಲೇಬೇಕು. ಎತ್ತುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಿರುವ ಚಕ್ರಕ್ಕೆ, ಮುಂದೊಂದು ಹಿಂದೊಂದು. ಮರದ ಬೆಣೆ ಒಳ್ಳೆಯದು, ಕಲ್ಲಾದರೆ ಗುಂಡಗಿರಬಾರದು.

ಜಾಗ ಸರಿಯಿಲ್ಲದಿದ್ದರೆ ಟಯರಿನ ಆಸೆ ಬಿಡಿ

ಗಾಡಿ ಪಕ್ಕಕ್ಕೆ ವಾಲಿ ನಿಂತಿದ್ದರೆ, ಇಳಿಜಾರಿನಲ್ಲಿದ್ದರೆ ಅಲ್ಲೇ ಜಾಕಿ ಕೊಡಬೇಡಿ. ಗಾಳಿ ಹೋದ ಟಯರಿನಲ್ಲೇ ನಡಿಗೆಯ ವೇಗದಲ್ಲಿ ಐವತ್ತು ನೂರು ಮೀಟರ್ ಓಡಿಸಿ ಸಮತಟ್ಟು ಜಾಗಕ್ಕೆ ತನ್ನಿ. ಟಯರು ಹಾಳಾಗಬಹುದು, ರಿಮ್ಮೂ ಸೊಟ್ಟಗಾಗಬಹುದು. ಹೋದರೆ ಹೋಗಲಿ. ತಗ್ಗಿನ ಕಡೆ ಕೂತು ನಟ್ಟು ಬಿಚ್ಚುವವನ ಮೇಲೆ ಗಾಡಿ ಬಂದರೆ ಅದನ್ನು ಯಾವ ಅಂಗಡಿಯಲ್ಲೂ ರಿಪೇರಿ ಮಾಡಿಕೊಡುವುದಿಲ್ಲ.

ಸರಿಯಾದ ಜಾಗ ಸಿಕ್ಕಿತು ಎನ್ನೋಣ. ಎಲ್ಲರೂ ಇಳಿಯಬೇಕು, ಮಳೆಯಿದ್ದರೂ. ಹಿಂದಿನ ಸೀಟಿನಲ್ಲಿ ಮಲಗಿದ ಮಗು ಎದ್ದು ಈ ಕಡೆಯಿಂದ ಆ ಕಡೆಗೆ ಹಾರಿದರೂ ಗಾಡಿ ತೂಗುತ್ತದೆ. ಆಮೇಲೆ, ಎತ್ತುವ ಮೊದಲೇ, ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಗಾಳಿಯಲ್ಲಿರುವ ಚಕ್ರದ ನಟ್ಟು ಬಿಚ್ಚಲು ಹೋದರೆ ಚಕ್ರವೇ ತಿರುಗುತ್ತದೆ. ಬಿಗಿ ನಟ್ಟಿನ ಮೇಲೆ ನೀವು ಜಗ್ಗುವ ಬಲವೆಲ್ಲ ಜಾಕಿಯನ್ನು ಅಲ್ಲಾಡಿಸಲು ಹೋಗುತ್ತದೆ.

ಗಾಡಿ ಸ್ವಲ್ಪ ಎದ್ದ ಕೂಡಲೇ ಸ್ಟೆಪ್ನಿಯನ್ನು ಮಲಗಿಸಿ ಜಾಕಿಯ ಪಕ್ಕದಲ್ಲಿ ಚಾಸಿಯ ಅಡಿಗೆ ತಳ್ಳಿ. ಚಕ್ರ ಬಿಚ್ಚಿದ ಮೇಲೆ ಆ ಚಕ್ರವನ್ನು ಅಡಿಗೆ ಇಟ್ಟು ಸ್ಟೆಪ್ನಿ ಎಳೆದುಕೊಳ್ಳಿ. ಜಾಕಿ ತಪ್ಪಿದರೂ ಗಾಡಿ ಟಯರಿನ ಮೇಲೆ ಕೂರುತ್ತದೆ. ಕೈ ಉಳಿಯುತ್ತದೆ, ಮತ್ತೆ ಜಾಕಿ ತೂರಿಸಲು ಸಂದಿಯೂ ಉಳಿಯುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಬಹಳಷ್ಟು ಮಂದಿ ಮಾಡುವುದೇ ಇಲ್ಲ. ಅಂದಹಾಗೆ, ಸ್ಟೆಪ್ನಿ ಎಂಬ ಹೆಸರು ಬಂದದ್ದು ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನ ಒಂದು ಬೀದಿಯಿಂದ. 1904ರ ಹೊತ್ತಿಗೆ ಅಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರುಮಾಡಿದ್ದರು.

ಜಾಕಿಯ ಮೇಲಿರುವ ಗಾಡಿಯ ಅಡಿಗೆ ತಲೆ, ಎದೆ, ಕಾಲು ಯಾವುದೂ ಹೋಗಬಾರದು. ಜಾಕಿ ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಅಡಿಯಲ್ಲಿ ಮಲಗಿ ಮಾಡುವ ಕೆಲಸವಿದ್ದರೆ ಗಟ್ಟಿ ನೆಲ, ಗ್ಯಾರೇಜಿನ ಕಬ್ಬಿಣದ ಸ್ಟ್ಯಾಂಡ್ ಬೇಕು. ಕಾಡಿನ ದಾರಿಯಲ್ಲಿ ಆ ಕೆಲಸ ಬೇಡ.

ಹೊಸ ಚಕ್ರ ಕೂರಿಸಿ ನಟ್ಟುಗಳನ್ನು ಕೈಯಲ್ಲೇ ಆದಷ್ಟು ತಿರುಗಿಸಿ. ಇಳಿಸಿದ ಮೇಲೆ ಪೂರ್ತಿ ಬಿಗಿ ಮಾಡಿ. ಸುತ್ತಲೂ ಸಾಲಾಗಿ ಅಲ್ಲ, ಒಂದು ಬಿಟ್ಟು ಎದುರಿನದು. ಐವತ್ತು ಕಿಲೋಮೀಟರ್ ಹೋದ ಮೇಲೆ ಇನ್ನೊಮ್ಮೆ ನೋಡಿ.

ಗಾಡಿ ಹೂತಾಗ ಜಾಕಿ

ಚಕ್ರ ಹೂತರೆ ಮೊದಲ ಮದ್ದು ಗುದ್ದಲಿ, ಎರಡನೆಯದು ಟಯರಿನ ಗಾಳಿ. 32ರಲ್ಲಿರುವ ಗಾಳಿಯನ್ನು 18–20 ಪಿ.ಎಸ್.ಐ.ಗೆ ಇಳಿಸಿದರೆ ಟಯರು ನೆಲಕ್ಕೆ ಅಗಲವಾಗಿ ಹರಡಿ ಹಿಡಿತ ಸಿಗುತ್ತದೆ. ಇಲ್ಲೂ ಅದೇ ಚಪ್ಪಲಿ ಲೆಕ್ಕ. ಮತ್ತೆ ತುಂಬಲು ಪಂಪು ಜೊತೆಗಿರಬೇಕು.

ಗಾಡಿಯ ಹೊಟ್ಟೆಯೇ ದಿಬ್ಬದ ಮೇಲೆ ಕೂತು ಚಕ್ರಗಳು ನೇತಾಡುತ್ತಿದ್ದರೆ ಜಾಕಿ ಬೇಕೇ ಬೇಕು. ಒಂದೊಂದೇ ಚಕ್ರವನ್ನು ಎತ್ತಿ, ಅಡಿಗೆ ಕಲ್ಲು, ಸೊಪ್ಪು, ಕೊಂಬೆ ತುಂಬಿ ಇಳಿಸುವುದು. ತುಂಬುವಾಗ ಕೈ ಹಾಕಬೇಡಿ, ಗುದ್ದಲಿಯಿಂದಲೋ ಕೋಲಿನಿಂದಲೋ ತಳ್ಳಿ. ಜಾಕಿ, ಹಲಗೆ ಎರಡನ್ನೂ ತೆಗೆದ ಮೇಲೇ ಎಂಜಿನ್ ಶುರು ಮಾಡಿ. ತುಂಬಿದ ಕಲ್ಲು ಚಕ್ರಕ್ಕೆ ಸಿಕ್ಕರೆ ಕವಣೆಯಿಂದ ಬಂದ ಹಾಗೆ ಹಿಂದಕ್ಕೆ ಹಾರುತ್ತದೆ. ಅಲ್ಲಿ ಯಾರೂ ನಿಂತಿರಬಾರದು.

ಹೈ-ಲಿಫ್ಟ್: ಚೆಂದಕ್ಕೆ ಕಟ್ಟಿಕೊಳ್ಳುವ ವಸ್ತುವಲ್ಲ

ಹೈ-ಲಿಫ್ಟ್ ಒಂದು ಕಂಪನಿಯ ಹೆಸರು. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಎಂಬ ಊರಿನವರು 1905ರಿಂದ ಮಾಡುತ್ತಿದ್ದಾರೆ. ಅಲ್ಲಿನ ರೈತರು ಇದರಿಂದ ಟ್ರ್ಯಾಕ್ಟರ್ ಎತ್ತುತ್ತಿದ್ದರು, ಬೇಲಿಯ ಗೂಟ ಕೀಳುತ್ತಿದ್ದರು. ತೂತುಗಳಿರುವ ಮೂರರಿಂದ ಐದು ಅಡಿ ಎತ್ತರದ ಉಕ್ಕಿನ ಕಂಬಿ. ಅದರ ಮೇಲೆ ಎರಡು ಪಿನ್ನುಗಳು ತೂತಿನಿಂದ ತೂತಿಗೆ ಹೆಜ್ಜೆ ಹಾಕುತ್ತಾ ಏರುತ್ತವೆ. ತೆಂಗಿನ ಮರ ಹತ್ತುವವನು ಕೈ, ಕಾಲು ಒಂದಾದ ಮೇಲೊಂದು ಹಿಡಿದು ಏರುವ ಹಾಗೆ.

ಎತ್ತರಕ್ಕೆ ಎತ್ತುತ್ತದೆ, ಹೊರಗೆ ನಿಂತೇ ಬಳಸಬಹುದು. ಅದು ನಿಜ. ಆದರೆ ಇದು ಹಿಡಿಯಲು ಉಕ್ಕಿನ ಬಂಪರೋ ಪಕ್ಕದಲ್ಲಿ ಚಾಸಿಗೆ ಬೆಸೆದ ಗಟ್ಟಿ ಪೈಪೋ ಬೇಕು. ಅಂಗಡಿಯಿಂದ ಬಂದ ಹಾಗೇ ಇರುವ ಎಷ್ಟೋ ಗಾಡಿಗಳಲ್ಲಿ ಅದು ಇರುವುದಿಲ್ಲ. ಕಂಬಿಯ ಪಾದ ಚಿಕ್ಕದು, ಗಾಡಿ ಏರಿದಷ್ಟೂ ಕಂಬಿ ವಾಲಲು ನೋಡುತ್ತದೆ.

ಅಪಾಯ ಜಾಸ್ತಿ ಇರುವುದು ಇಳಿಸುವಾಗ. ಏರಿಸುವುದರಿಂದ ಇಳಿಸುವುದಕ್ಕೆ ಬದಲಿಸುವ ಚಿಕ್ಕ ಲಿವರ್ ತಿರುಗಿಸಿ ಇಳಿಸಲು ಶುರು ಮಾಡಿದರೆ ಗಾಡಿಯ ಭಾರವೆಲ್ಲ ಹಿಡಿಕೆಯನ್ನು ಮೇಲಕ್ಕೆ ತಳ್ಳುತ್ತದೆ. ಕೈ ಜಾರಿದರೆ ಹಿಡಿಕೆ ಪಟಪಟನೆ ಮೇಲೆ ಕೆಳಗೆ ಬಡಿಯುತ್ತಾ ಗಾಡಿಯನ್ನು ಇಳಿಸಿಬಿಡುತ್ತದೆ. ದವಡೆ ಅದರ ದಾರಿಯಲ್ಲಿದ್ದರೆ ದವಡೆ ಮುರಿಯುತ್ತದೆ. ಹಿಡಿಕೆ ಕಂಬಿಗೆ ಒರಗಿ ನಿಂತಿರುವಾಗ ಮಾತ್ರ ಲಿವರ್ ಬದಲಿಸಬೇಕು. ಯಾವಾಗಲೂ ಎರಡೂ ಕೈಯಲ್ಲಿ ಹಿಡಿಯಬೇಕು, ಮುಖವನ್ನು ಹಿಡಿಕೆಯ ನೇರದಿಂದ ಪಕ್ಕಕ್ಕೆ ಇಡಬೇಕು. ಭಾರ ಸುಮಾರು 70 ಕಿಲೋಗಿಂತ ಕಡಿಮೆಯಾದರೆ ಅದು ಹೆಜ್ಜೆ ಹಾಕುವುದಿಲ್ಲ, ಒಮ್ಮೆಗೇ ಸರ್ರನೆ ಜಾರುತ್ತದೆ. ಪಿನ್ನಿಗೆ ಕೆಸರು ಹೊಕ್ಕರೆ ನಡುದಾರಿಯಲ್ಲಿ ಹಟ ಹಿಡಿಯುತ್ತದೆ, ಅದಕ್ಕೇ ಹೊರಗೆ ಕಟ್ಟುವವರು ಚೀಲ ತೊಡಿಸಬೇಕು. ನಾಲ್ಕಡಿಯದು ಸುಮಾರು 13 ಕಿಲೋ. ಒಳಗೆ ಸಡಿಲ ಬಿಟ್ಟರೆ ಬ್ರೇಕ್ ಹಾಕಿದಾಗ ಅದು ಹಾರಿ ಬರುವುದು ಕೂತವರ ತಲೆಯ ಕಡೆಗೆ.

ಗೊತ್ತಿರುವವರ ಜೊತೆ ನಿಂತು ನಾಲ್ಕು ಸಲ ಕಲಿಯುವ ತನಕ ಇದನ್ನು ಕೊಳ್ಳದಿರುವುದೇ ವಾಸಿ ಎಂದು ನನ್ನ ಅಭಿಪ್ರಾಯ.

ಹೊರಡುವ ಹಿಂದಿನ ಭಾನುವಾರ

ಮನೆ ಮುಂದೆ ಒಂದು ಚಕ್ರ ಬಿಚ್ಚಿ ಹಾಕಿ ನೋಡಿ. ಮುಕ್ಕಾಲು ಗಂಟೆಯ ಕೆಲಸ. ಕಳ್ಳರ ಕಾಟಕ್ಕೆಂದು ಹಾಕಿದ ಲಾಕ್ ನಟ್ಟಿನ ಕೀ ಎಲ್ಲಿದೆ, ಟಯರ್ ಅಂಗಡಿಯವರು ಮಷೀನಿನಲ್ಲಿ ಬಿಗಿದ ನಟ್ಟು ನಿಮ್ಮ ಕೈಯ ಪಾನಾಕ್ಕೆ ಬಿಚ್ಚುತ್ತದೆಯೇ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಲ್ಲ ಅಲ್ಲೇ ತಿಳಿಯುತ್ತದೆ. ಬಾಟಲ್ ಜಾಕಿಯನ್ನು ಭಾರ ಕೊಟ್ಟು ಹತ್ತು ನಿಮಿಷ ಬಿಟ್ಟರೆ ಸೀಲು ಹೇಗಿದೆ ಎಂಬುದೂ ಗೊತ್ತಾಗುತ್ತದೆ. ಎಣ್ಣೆ ಕಡಿಮೆಯಿದ್ದರೆ ಜಾಕಿ ಎಣ್ಣೆಯನ್ನೇ ಹಾಕಿಸಿ, ಬ್ರೇಕ್ ಎಣ್ಣೆ ಹಾಕಿದರೆ ಸೀಲು ಕೆಡುತ್ತದೆ.

ಆ ಹಿರಿಯರು ಹಲಗೆ ವಾಪಸ್ ತೆಗೆದುಕೊಳ್ಳಲಿಲ್ಲ. "ಇಟ್ಕೊಳಿ ಸಾರ್, ನಮ್ಮಲ್ಲಿ ಇನ್ನೊಂದೈತೆ" ಅಂದರು. ನಡುವೆ ಜಾಕಿಯ ಪಾದದ ಗುರುತು ಬಿದ್ದ ಅದು ಈಗಲೂ ನನ್ನ ಹಿಂದಿನ ಸೀಟಿನಡಿಯಲ್ಲಿದೆ.